ವಯಸ್ಸಾಯಿತೆಂದು ಸುಮ್ಮನಾಗುವ ಮೊದಲು: ಬೆಕ್ಕಿನ ಮೂತ್ರಪಿಂಡದ ಕಾಯಿಲೆಯನ್ನು ಮನೆಯಲ್ಲಿ ಗುರುತಿಸುವುದು ಹೇಗೆ?

ಹಿತ್ತಲಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಚುಕ್ಕಿಗೆ ಈ ದೀಪಾವಳಿಗೆ ಹನ್ನೆರಡು ವರ್ಷ ತುಂಬುತ್ತದೆ. ಹುಟ್ಟಿದ್ದು ನಮ್ಮ ಅಟ್ಟದ ಮೇಲೆ, ಬೆಳೆದದ್ದು ಹಿತ್ತಲಿನಲ್ಲಿ, ಮಲಗುವುದು ಬಚ್ಚಲ ಒಲೆಯ ಪಕ್ಕದ ಬೆಚ್ಚಗಿನ ಕಟ್ಟೆಯ ಮೇಲೆ. ಇಷ್ಟು ವರ್ಷ ಅದು ನೀರು ಕುಡಿದದ್ದನ್ನು ನಾನು ಬೆರಳೆಣಿಕೆಯಷ್ಟು ಸಲವೂ ನೋಡಿರಲಿಲ್ಲ. ಮೊಸರನ್ನ, ಹಾಲು, ಅಂಗಡಿಯಿಂದ ತಂದ ಒಣ ಆಹಾರ, ತಾನೇ ಹಿಡಿದ ಇಲಿ, ಇಷ್ಟರಲ್ಲಿಯೇ ಅದರ ದಾಹ ತೀರುತ್ತಿತ್ತು. ಆದರೆ ಕಳೆದ ಎರಡು ತಿಂಗಳಿನಿಂದ ಬೆಳಗ್ಗೆ ನಾನು ಬಚ್ಚಲಿನ ದೀಪ ಹಾಕಿದಾಗ ಚುಕ್ಕಿ ಬಕೆಟ್ಟಿನ ಅಂಚಿಗೆ ಮುಂಗಾಲು ಊರಿ, ಕುತ್ತಿಗೆ ಒಳಗೆ ಚಾಚಿ, ನಿಲ್ಲಿಸದೆ ನೀರು ನೆಕ್ಕುತ್ತಿರುತ್ತದೆ. ನಾನು ನೂರು ಎಣಿಸಿದರೂ ಅದು ತಲೆ ಎತ್ತುವುದಿಲ್ಲ. ಮಧ್ಯಾಹ್ನ ತುಳಸಿಕಟ್ಟೆಯ ತಂಬಿಗೆಯ ಬಳಿ ಅದೇ ದೃಶ್ಯ.

ಊಟ ಬಿಟ್ಟಿಲ್ಲ, ಆದರೆ ತಟ್ಟೆಯಲ್ಲಿ ಅರ್ಧ ಉಳಿಸುತ್ತದೆ. ಬೆನ್ನು ಸವರಿದರೆ ಮೊದಲು ಕೈಗೆ ತಾಗದಿದ್ದ ಬೆನ್ನುಮೂಳೆಯ ಗಂಟುಗಳು ಈಗ ಒಂದೊಂದಾಗಿ ಸಿಗುತ್ತವೆ. ನಮ್ಮ ಅತ್ತೆಯವರು, "ಅದಕ್ಕೂ ವಯಸ್ಸಾಯಿತಲ್ಲ, ನನಗೂ ಹೀಗೇ ಬಾಯಾರುತ್ತದೆ" ಎನ್ನುತ್ತಾರೆ. ಎರಡು ವರ್ಷದ ಹಿಂದೆ ಇದರ ಅಣ್ಣ ಕರಿಯನೂ ಹೀಗೆಯೇ ಬಡವಾಗಿದ್ದ. ಆಗ ತೋರಿಸಿದ ಕಡೆ ರಕ್ತ ತೆಗೆಯಲಿಲ್ಲ, ಮೂತ್ರ ನೋಡಲಿಲ್ಲ, ವಿಟಮಿನ್ ಚುಚ್ಚುಮದ್ದು ಕೊಟ್ಟು ವಯಸ್ಸಿನ ನಿಶ್ಶಕ್ತಿ ಎಂದು ಕಳುಹಿಸಿದರು. ಹದಿನೈದು ದಿನದಲ್ಲಿ ಕರಿಯ ಹೋದ. ಪರೀಕ್ಷೆ ಮಾಡಿಸಿ ಎಂದು ನಾನು ಬಾಯಿಬಿಟ್ಟು ಕೇಳಲಿಲ್ಲವಲ್ಲ ಎಂಬ ನೋವು ಇನ್ನೂ ಇದೆ, ಅದಕ್ಕಾಗಿಯೇ ಈ ಸಲ ಮೊದಲೇ ಕೇಳುತ್ತಿದ್ದೇನೆ. ಚುಕ್ಕಿ ಮೂತ್ರ ಮಾಡುವುದು ಹಿತ್ತಲಿನ ಬಾಳೆಬುಡದಲ್ಲಿ, ಎಷ್ಟು ಮಾಡುತ್ತದೆ ಎಂದು ನೋಡುವ ದಾರಿಯೇ ಇಲ್ಲ. ಹೀಗಿರುವಾಗ ಮೂತ್ರಪಿಂಡದ ತೊಂದರೆಯನ್ನು ಮನೆಯವರು ಯಾವುದರಿಂದ ಗುರುತಿಸಬೇಕು?

ಪಶುವೈದ್ಯ (ಶಿವಮೊಗ್ಗ)

ಹಿತ್ತಲಮನೆಯವರೇ, ನೀವು ಬರೆದಿರುವ ಮೂರು ಸಂಗತಿಗಳಲ್ಲಿ, ಅಂದರೆ ಹೊಸದಾಗಿ ಕಾಣಿಸಿಕೊಂಡ ಬಾಯಾರಿಕೆ, ಕುಗ್ಗಿದ ಊಟ ಮತ್ತು ಕೈಗೆ ಸಿಗುವ ಬೆನ್ನುಮೂಳೆಯಲ್ಲಿ, ಯಾವ ಒಂದೂ ವಯಸ್ಸಿನ ಸಹಜ ಲಕ್ಷಣವಲ್ಲ. ವಯಸ್ಸಾದ ಬೆಕ್ಕು ಹೆಚ್ಚು ಮಲಗಬಹುದು, ಎತ್ತರಕ್ಕೆ ಹಾರಲು ಹಿಂಜರಿಯಬಹುದು. ಆದರೆ ನೀರು ಕಂಡರೆ ಬಾಯಿ ಹಾಕದಿದ್ದ ಬೆಕ್ಕು ಬಕೆಟ್ಟನ್ನು ಹುಡುಕಿಕೊಂಡು ಹೋಗುತ್ತಿದೆ ಎಂದರೆ ಅದರ ದೇಹದಿಂದ ನೀರು ಸೋರಿಹೋಗುತ್ತಿದೆ ಎಂದೇ ತಿಳಿಯಬೇಕು.

ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದು ಅರ್ಥವಾದರೆ ಉಳಿದ ಲಕ್ಷಣಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ನಮ್ಮ ಮನೆಬೆಕ್ಕುಗಳ ಪೂರ್ವಜರು ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣನೆಲದ ಕಾಡುಬೆಕ್ಕುಗಳು. ತಿಂದ ಬೇಟೆಯಲ್ಲಿರುವ ನೀರಿನಲ್ಲಿಯೇ ಬದುಕಬೇಕಾದ ಪ್ರಾಣಿಯಾದ್ದರಿಂದ, ಮೂತ್ರವನ್ನು ಬಹಳ ಗಟ್ಟಿಗೊಳಿಸಿ ನೀರನ್ನು ಉಳಿಸಿಕೊಳ್ಳುವ ಸಾಮರ್ಥ್ಯ ಅದರ ಮೂತ್ರಪಿಂಡಕ್ಕೆ ಇದೆ. ಮೂತ್ರಪಿಂಡದಲ್ಲಿ ರಕ್ತ ಸೋಸುವ ಸೂಕ್ಷ್ಮ ಘಟಕಗಳು ಲಕ್ಷಗಟ್ಟಲೆ ಇರುತ್ತವೆ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ, ಉಳಿದವೇ ಹೆಚ್ಚಿನ ಕೆಲಸ ಹೊರುತ್ತವೆ. ಈ ಹೊಂದಾಣಿಕೆಯಿಂದಾಗಿ ಬಹಳ ಕಾಲ ಹೊರಗೆ ಏನೂ ಗೊತ್ತಾಗುವುದಿಲ್ಲ. ಸುಮಾರು ಮೂರರಲ್ಲಿ ಎರಡು ಭಾಗ ನಷ್ಟವಾದ ಮೇಲೆ ಮೂತ್ರ ಗಟ್ಟಿಗೊಳಿಸುವ ಶಕ್ತಿ ಕುಸಿಯುತ್ತದೆ. ಮುಕ್ಕಾಲು ಭಾಗ ನಷ್ಟವಾದ ಮೇಲೆ ಮಾತ್ರ ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯಗಳಾದ ಕ್ರಿಯಾಟಿನಿನ್ ಮತ್ತು ಯೂರಿಯಾ ರಕ್ತದಲ್ಲಿ ಏರಿದ್ದು ಕಾಣುತ್ತದೆ. ಅಂದರೆ ಬೆಕ್ಕು ಹೆಚ್ಚು ಮೂತ್ರ ಮಾಡುವುದು ಮೊದಲು, ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಕುಡಿಯುವುದು ಆಮೇಲೆ. ನೀರು ಕಡಿಮೆ ಇಟ್ಟರೆ ಮೂತ್ರ ಕಡಿಮೆಯಾದೀತು ಎಂದು ಯೋಚಿಸುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಎಂದೂ ಮಾಡಬೇಡಿ, ಒಂದೇ ದಿನದಲ್ಲಿ ಬೆಕ್ಕು ಕುಸಿದುಬೀಳುತ್ತದೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಿತ್ತಲಿನಲ್ಲಿ ಮೂತ್ರ ಮಾಡುವ ಬೆಕ್ಕಿನಲ್ಲಿ ನಾವು ಮೊದಲು ನಂಬಬಹುದಾದ ಸಾಕ್ಷಿ ತೂಕ. ದೀರ್ಘಕಾಲದ ಮೂತ್ರಪಿಂಡದ ಕಾಯಿಲೆಯಿದ್ದ ಬೆಕ್ಕುಗಳ ಹಳೆಯ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ರೋಗ ಪತ್ತೆಯಾಗುವ ಮೂರು ವರ್ಷದಷ್ಟು ಹಿಂದಿನಿಂದಲೇ ತೂಕ ಇಳಿಯತೊಡಗಿದ್ದು ಕಂಡಿತು. ಪತ್ತೆಯಾಗುವ ಹಿಂದಿನ ಒಂದೇ ವರ್ಷದಲ್ಲಿ ಅವು ಸುಮಾರು ಶೇ. 9ರಷ್ಟು ತೂಕ ಕಳೆದುಕೊಂಡಿದ್ದವು. ನಾಲ್ಕು ಕಿಲೋ ಬೆಕ್ಕಿಗೆ ಅದು ಸುಮಾರು ಮುನ್ನೂರರವತ್ತು ಗ್ರಾಂ. ದಿನವೂ ನೋಡುವ ಕಣ್ಣಿಗೆ ಅಷ್ಟು ಇಳಿಕೆ ತಿಳಿಯುವುದಿಲ್ಲ, ತಕ್ಕಡಿಗೆ ತಿಳಿಯುತ್ತದೆ. ಲಸಿಕೆಯ ಪುಸ್ತಕದಲ್ಲಿ ಚುಕ್ಕಿಯ ಹಳೆಯ ತೂಕ ಬರೆದಿದೆಯೇ ನೋಡಿ, ಇಂದಿನ ತೂಕದೊಂದಿಗೆ ಹೋಲಿಸಿ ಇಲ್ಲಿ ತಿಳಿಸಿ.

ಐದನೇ ಮಹಡಿ (ಬೆಂಗಳೂರು)

ನಮ್ಮದು ಪರ್ಷಿಯನ್ ಬೆಕ್ಕು, ಫ್ಲ್ಯಾಟಿನಿಂದ ಹೊರಗೆ ಹೋಗುವುದೇ ಇಲ್ಲ. ಹಾಗಾಗಿ ಹಿತ್ತಲಮನೆಯವರಿಗೆ ಇಲ್ಲದ ಒಂದು ಅನುಕೂಲ ನನಗಿತ್ತು. ಲಿಟರ್ ಬಾಕ್ಸಿನ ಮರಳು ಮೂತ್ರ ಬಿದ್ದಲ್ಲಿ ಉಂಡೆಕಟ್ಟುತ್ತದೆ. ಮೊದಲು ದಿನಕ್ಕೆ ನಿಂಬೆಹಣ್ಣಿನ ಗಾತ್ರದ ಎರಡು ಮೂರು ಉಂಡೆಗಳು ಸಿಗುತ್ತಿದ್ದವು. ಆಮೇಲೆ ಅವು ಕಿತ್ತಳೆಯ ಗಾತ್ರದ ಐದಾರು ಉಂಡೆಗಳಾದವು. ತಿಂಗಳಿಗೆ ಒಂದು ಚೀಲ ಸಾಕಾಗುತ್ತಿದ್ದ ಮರಳು ಹದಿನೇಳು ದಿನಕ್ಕೆ ಖಾಲಿಯಾದಾಗ ಅಂಗಡಿಯವರು ತೂಕದಲ್ಲಿ ಮೋಸ ಮಾಡಿದರೆಂದೇ ನಾನು ಭಾವಿಸಿದ್ದೆ. ಇನ್ನೊಂದು ಬದಲಾವಣೆಯೆಂದರೆ ಉಂಡೆಗಳಿಗೆ ವಾಸನೆಯೇ ಇರಲಿಲ್ಲ. ಬೆಕ್ಕಿನ ಮೂತ್ರದ ಘಾಟು ಇಲ್ಲವಾದದ್ದಕ್ಕೆ ನಾನು ಸಂತೋಷಪಟ್ಟಿದ್ದೆ. ಮೂತ್ರ ನೀರಿನಂತೆ ತೆಳುವಾದದ್ದರಿಂದ ಹಾಗಾಗಿತ್ತೆಂದು ನಂತರ ತಿಳಿಯಿತು.

ಪರ್ಷಿಯನ್ ಸಾಕಿದವರು ಒಂದು ವಿಷಯವನ್ನು ವಿಶೇಷವಾಗಿ ಗಮನದಲ್ಲಿಡಬೇಕು. ಈ ತಳಿಯಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಬೆಳೆಯುವ ಆನುವಂಶಿಕ ಕಾಯಿಲೆಯೊಂದಿದೆ. ತಂದೆ ತಾಯಿಯರಲ್ಲಿ ಒಬ್ಬರಿಂದ ದೋಷಪೂರಿತ ಜೀನ್ ಬಂದರೂ ಮರಿಗೆ ಕಾಯಿಲೆ ಬರುತ್ತದೆ. ಕಾರಣವಾದ ಜೀನನ್ನು 2004ರಲ್ಲಿ ಗುರುತಿಸಿದ್ದಾರೆ, ಅದಕ್ಕೆ ಪರೀಕ್ಷೆಯೂ ಇದೆ. ಗುಳ್ಳೆಗಳು ಮರಿಯಾಗಿದ್ದಾಗಲೇ ಇರುತ್ತವೆ, ನಿಧಾನವಾಗಿ ದೊಡ್ಡದಾಗುತ್ತವೆ, ಲಕ್ಷಣಗಳು ಸಾಮಾನ್ಯವಾಗಿ ಏಳು ವರ್ಷದ ಸುಮಾರಿಗೆ ಕಾಣಿಸುತ್ತವೆ. ನಮ್ಮದಕ್ಕೆ ಆರನೆಯ ವರ್ಷದಲ್ಲಿಯೇ ಅಲ್ಟ್ರಾಸೌಂಡಿನಲ್ಲಿ ಕಂಡವು. ಮರಿ ಮಾರಿದವರಿಗೆ ತಿಳಿಸಿದೆ, ಅವರು ಅದೇ ತಾಯಿಯಿಂದ ಇನ್ನೂ ಎರಡು ಸೂಲು ಮರಿ ಮಾಡಿಸಿ ಮಾರಿದ್ದಾರೆ. ಹಣ ಕೊಟ್ಟು ಪರ್ಷಿಯನ್ ತರುವವರು ತಾಯಿ ತಂದೆಯರ ಪರೀಕ್ಷಾ ವರದಿ ಕೇಳಲೇಬೇಕೆಂದು ನನ್ನ ವಿನಂತಿ.

ಕಡಲಬದಿ (ಕುಂದಾಪುರ)

ಅಕ್ಕ, ನಿಮ್ಮ ಬೆಕ್ಕಿನ ಬಾಯಿಯನ್ನು ಒಮ್ಮೆ ಮೂಸಿ ನೋಡಿ. ಹೀಗೆ ಬರೆಯುವುದಕ್ಕೆ ಕಾರಣವಿದೆ. ನಮ್ಮಲ್ಲಿ ಬೆಕ್ಕಿಗೆ ದಿನವೂ ಬೂತಾಯಿ, ಬಂಗುಡೆಯ ತಲೆ ಹಾಕುತ್ತೇವೆ, ಆದ್ದರಿಂದ ಬಾಯಿವಾಸನೆಯನ್ನು ಮೀನಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ನಮ್ಮ ಗಂಡು ಬೆಕ್ಕಿಗೆ ಹದಿಮೂರು ವರ್ಷ. ಮೀನು ಹಾಕಿದ ಕೂಡಲೇ ಓಡಿಬರುತ್ತಿತ್ತು, ತಟ್ಟೆಯ ಮುಂದೆ ಕುಳಿತು ಮೂಸುತ್ತಿತ್ತು, ಒಮ್ಮೆ ನಾಲಿಗೆ ತಾಗಿಸುತ್ತಿತ್ತು, ಆಮೇಲೆ ತುಟಿ ನೆಕ್ಕಿಕೊಳ್ಳುತ್ತಾ ಮುಖ ತಿರುಗಿಸಿ ಎರಡು ಹೆಜ್ಜೆ ಹಿಂದೆ ಸರಿದು ಕುಳಿತುಬಿಡುತ್ತಿತ್ತು. ಹಸಿವಿತ್ತು, ಆದರೆ ತಿನ್ನಲಾಗುತ್ತಿರಲಿಲ್ಲ. ರುಚಿ ಹಿಡಿಸಲಿಲ್ಲವೆಂದು ಮೀನು ಬದಲಾಯಿಸಿದೆವು, ಕಾಣೆ ತಂದೆವು, ಸಿಗಡಿ ತಂದೆವು. ಹಲ್ಲುನೋವಿರಬೇಕೆಂದು ಬಾಯಿ ತೆರೆಸಿದಾಗ ನಾಲಿಗೆಯ ಅಂಚಿನಲ್ಲಿ ಬೂದುಬಣ್ಣದ ಹುಣ್ಣುಗಳು ಕಂಡವು, ಒಸಡು ಗುಲಾಬಿಯಾಗಿರುವ ಬದಲು ಬಿಳಿಚಿಕೊಂಡಿತ್ತು. ಬಾಯಿಯಿಂದ ಬಂದದ್ದು ಮೀನಿನ ವಾಸನೆಯಲ್ಲ, ಮೂತ್ರದ ಘಾಟನ್ನು ಹೋಲುವ ಬೇರೆಯೇ ವಾಸನೆ. ರಕ್ತದಲ್ಲಿ ಕ್ರಿಯಾಟಿನಿನ್ 9 ದಾಟಿತ್ತು. ಐದು ದಿನ ಡ್ರಿಪ್ ಹಾಕಿಸಿದೆವು, ಉಳಿಯಲಿಲ್ಲ.

ಅದಕ್ಕೂ ಹಲವು ತಿಂಗಳ ಮೊದಲಿನಿಂದ ಅದು ಬಾವಿಕಟ್ಟೆಯ ಕಲ್ಲಿನ ಗುಂಡಿಯಲ್ಲಿ ನಿಂತ ನೀರನ್ನು ಕುಡಿಯುತ್ತಿದ್ದದ್ದನ್ನು ಮನೆಯಲ್ಲಿ ಎಲ್ಲರೂ ನೋಡಿದ್ದೆವು, ಒಬ್ಬರೂ ಅದನ್ನು ಲಕ್ಷಣವೆಂದು ತಿಳಿದಿರಲಿಲ್ಲ. ನಿಮ್ಮ ಚುಕ್ಕಿ ಇನ್ನೂ ಊಟ ಮಾಡುತ್ತಿದೆ ಎಂದು ಓದಿ ನನಗೆ ಸಮಾಧಾನವಾಯಿತು. ಈ ವಾರವೇ ಕರೆದುಕೊಂಡು ಹೋಗಿ.

ಹಿತ್ತಲಮನೆ (ಶಿರಸಿ)

ಬಾಯಿ ಮೂಸಿದೆ, ಅಂಥ ಘಾಟು ಇಲ್ಲ. ಒಸಡು ಗುಲಾಬಿಯಾಗಿಯೇ ಇದೆ, ಆದರೆ ಬೆರಳಿಗೆ ಜಿಗುಟಾಗಿ ಅಂಟುತ್ತದೆ. ಅಡುಗೆಮನೆಯ ತಕ್ಕಡಿಯ ಮೇಲೆ ಬೆತ್ತದ ಬುಟ್ಟಿ ಇಟ್ಟು, ಅದರ ತೂಕ ಕಳೆದು, ಚುಕ್ಕಿಯನ್ನು ಕೂರಿಸಿ ನೋಡಿದೆ. 3 ಕಿಲೋ 300 ಗ್ರಾಂ. ಕಳೆದ ವರ್ಷ ಲಸಿಕೆ ಹಾಕಿಸಿದಾಗ ಪುಸ್ತಕದಲ್ಲಿ 4 ಕಿಲೋ ಎಂದು ಬರೆದಿದ್ದಾರೆ. ಏಳುನೂರು ಗ್ರಾಂ ಹೋಗಿದೆ, ನಾನು ದಿನಾ ಎತ್ತಿಕೊಳ್ಳುವ ಬೆಕ್ಕು!

ನೀರನ್ನೂ ಅಳೆದೆ. ಒಂದು ದಿನ ಕೋಣೆಯೊಳಗೆ ಇಟ್ಟುಕೊಂಡು, ಅಗಲವಾದ ಪಾತ್ರೆಯಲ್ಲಿ 400 ಮಿ.ಲೀ. ನೀರು ಇಟ್ಟೆ. ಆವಿಯಾಗುವುದು ಎಷ್ಟೆಂದು ತಿಳಿಯಲು ಅಂಥದ್ದೇ ಇನ್ನೊಂದು ಪಾತ್ರೆಯನ್ನು ಕಪಾಟಿನ ಮೇಲೆ ಇಟ್ಟೆ. ಲೆಕ್ಕ ಹಾಕಿದರೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಸುಮಾರು 260 ಮಿ.ಲೀ. ಕುಡಿದಿದೆ. ಇದು ಹೆಚ್ಚೇ? ನಾಳೆ ಆಸ್ಪತ್ರೆಗೆ ಹೋಗುವವಳಿದ್ದೇನೆ, ಅಲ್ಲಿ ಏನೇನು ಕೇಳಬೇಕು?

ಪಶುವೈದ್ಯ (ಶಿವಮೊಗ್ಗ)

ಬಹಳ ಚೆನ್ನಾಗಿ ಅಳೆದಿದ್ದೀರಿ. ಬೆಕ್ಕಿಗೆ ಆಹಾರದ ನೀರೂ ಸೇರಿ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50 ಮಿ.ಲೀ. ಸಾಕಾಗುತ್ತದೆ, ಚುಕ್ಕಿಗೆ ಅದು 165 ಮಿ.ಲೀ. ಪಾತ್ರೆಯಿಂದಲೇ 260 ಕುಡಿದಿದೆ, ಮೊಸರನ್ನದ ನೀರು ಬೇರೆ. ಖಂಡಿತ ಹೆಚ್ಚು.

ಆದರೆ ಈ ಬಾಯಾರಿಕೆಯೊಂದರಿಂದಲೇ ಮೂತ್ರಪಿಂಡದ ಕಾಯಿಲೆಯೆಂದು ತೀರ್ಮಾನಿಸುವಂತಿಲ್ಲ. ಮಧುಮೇಹದಲ್ಲಿಯೂ, ಥೈರಾಯ್ಡ್ ಗ್ರಂಥಿ ಅತಿಯಾಗಿ ಸ್ರವಿಸುವಾಗಲೂ ಬೆಕ್ಕು ಹೀಗೆಯೇ ಕುಡಿಯುತ್ತದೆ, ಹೀಗೆಯೇ ಬಡವಾಗುತ್ತದೆ. ಆ ಎರಡರಲ್ಲಿ ಹಸಿವು ಸಾಮಾನ್ಯವಾಗಿ ಹೆಚ್ಚುತ್ತದೆ, ಮೂತ್ರಪಿಂಡದ ಕಾಯಿಲೆಯಲ್ಲಿ ಕುಗ್ಗುತ್ತದೆ ಎಂಬುದು ಒಂದು ಸುಳಿವು ಮಾತ್ರ. ಥೈರಾಯ್ಡ್ ಕಾಯಿಲೆಯಿರುವ ಬೆಕ್ಕಿನಲ್ಲಿ ಮೂತ್ರಪಿಂಡಕ್ಕೆ ರಕ್ತ ಹೆಚ್ಚು ಹರಿಯುವುದರಿಂದಲೂ ಸ್ನಾಯು ಕರಗುವುದರಿಂದಲೂ ಕ್ರಿಯಾಟಿನಿನ್ ತಗ್ಗಿಯೇ ಇದ್ದು, ಒಳಗಿರುವ ಮೂತ್ರಪಿಂಡದ ದೋಷ ಮರೆಯಾಗುವುದೂ ಉಂಟು.

ನಾಳೆ ಕೇಳಬೇಕಾದದ್ದರಲ್ಲಿ ನಾನು ಒತ್ತಿ ಹೇಳುವುದು ಮೂತ್ರಪರೀಕ್ಷೆಯನ್ನು. ರಕ್ತವನ್ನು ಎಲ್ಲರೂ ಪರೀಕ್ಷಿಸುತ್ತಾರೆ, ಮೂತ್ರವನ್ನು ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ಕ್ರಿಯಾಟಿನಿನ್ ಏರಲು ಮೂತ್ರಪಿಂಡವೇ ಕೆಟ್ಟಿರಬೇಕೆಂದಿಲ್ಲ. ವಾಂತಿಭೇದಿಯಾಗಿ ದೇಹ ಒಣಗಿದ ಬೆಕ್ಕಿನಲ್ಲಿಯೂ ಅದು ಏರುತ್ತದೆ. ಇವೆರಡನ್ನೂ ಬೇರ್ಪಡಿಸಿ ತೋರಿಸುವುದು ಮೂತ್ರದ ಸಾಪೇಕ್ಷ ಸಾಂದ್ರತೆ, ಅಂದರೆ ನೀರಿಗೆ ಹೋಲಿಸಿದರೆ ಮೂತ್ರ ಎಷ್ಟು ಗಟ್ಟಿಯಿದೆ ಎಂಬ ಅಂಕಿ. ಮೂತ್ರಪಿಂಡ ಸರಿಯಿದ್ದರೆ, ನೀರು ಕಡಿಮೆಯಾದಾಗ ಮೂತ್ರ 1.035ಕ್ಕಿಂತ ಗಟ್ಟಿಯಾಗಿರಬೇಕು. ದೇಹ ಒಣಗಿದ್ದರೂ ಮೂತ್ರ ತೆಳುವಾಗಿದ್ದರೆ ಮೂತ್ರಪಿಂಡದ ಮೇಲೆ ಸಂಶಯ ಬಲವಾಗುತ್ತದೆ. ಸಾಂದ್ರತೆ 1.008ರಿಂದ 1.012ರ ನಡುವೆಯೇ ನಿಂತುಬಿಟ್ಟರೆ, ಮೂತ್ರಪಿಂಡವು ಮೂತ್ರವನ್ನು ಗಟ್ಟಿ ಮಾಡುವ ಕೆಲಸವನ್ನೇ ಬಿಟ್ಟಂತೆ. ಹಾಗಾಗಿ ಡ್ರಿಪ್ ಏರಿಸುವ ಮೊದಲೇ ಮೂತ್ರದ ಮಾದರಿ ತೆಗೆಯಬೇಕು. ಸಲೈನ್ ಹೋದ ಮೇಲೆ ತೆಗೆದ ಮೂತ್ರ ಹೇಗೂ ತೆಳುವಾಗಿರುತ್ತದೆ, ಅದರಿಂದ ಏನೂ ತಿಳಿಯದು.

ಇದರೊಂದಿಗೆ ಮೂತ್ರದಲ್ಲಿ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ, ರಕ್ತದ ಸಕ್ಕರೆ, ಪೊಟ್ಯಾಸಿಯಂ, ರಂಜಕ, ಥೈರಾಯ್ಡ್ ಮತ್ತು ರಕ್ತದೊತ್ತಡವನ್ನು ನೋಡಲು ಕೇಳಿ. ಎಸ್‌ಡಿಎಂಎ ಎಂಬ ರಕ್ತಪರೀಕ್ಷೆ 2015ರಿಂದ ಬಳಕೆಗೆ ಬಂದಿದೆ. ಸರಾಸರಿ ಶೇ. 40ರಷ್ಟು ಕಾರ್ಯಶಕ್ತಿ ನಷ್ಟವಾದಾಗಲೇ ಅದು ಏರುತ್ತದೆ, ಕ್ರಿಯಾಟಿನಿನ್‌ನಂತೆ ಸ್ನಾಯುವಿನ ಪ್ರಮಾಣವನ್ನು ಅವಲಂಬಿಸುವುದಿಲ್ಲ. ಚುಕ್ಕಿಯಂತೆ ಬಡವಾದ ಬೆಕ್ಕಿಗೆ ಇದು ಉಪಯುಕ್ತ. ಊರಿನಲ್ಲಿ ಸಿಗದಿದ್ದರೆ ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಲಾದೀತೇ ಎಂದು ವಿಚಾರಿಸಿ. ಸಮೀಪದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇನ್ನೊಂದು ದಾರಿ, ನಿಮಗೆ ಶಿವಮೊಗ್ಗದ್ದೇ ಹತ್ತಿರ.

ಒಸಡು ಜಿಗುಟಾಗಿರುವುದು ದೇಹ ಒಣಗಿರುವುದರ ಸೂಚನೆ. ಕತ್ತಿನ ಚರ್ಮ ಎತ್ತಿ ಬಿಟ್ಟು ನೋಡುವ ಕ್ರಮವನ್ನು ಮುದಿ ಬೆಕ್ಕಿನಲ್ಲಿ ಪೂರ್ತಿ ನಂಬಬೇಡಿ, ವಯಸ್ಸಿನಿಂದಲೇ ಚರ್ಮ ಸಡಿಲವಾಗಿರುತ್ತದೆ.

ಚಾಮುಂಡಿ ತಪ್ಪಲು (ಮೈಸೂರು)

ರಕ್ತದೊತ್ತಡದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಹೆಣ್ಣು ಬೆಕ್ಕು ಒಂದು ಬೆಳಗ್ಗೆ ಎದ್ದು ನಡೆಯುವಾಗ ಕುರ್ಚಿಯ ಕಾಲಿಗೆ ಡಿಕ್ಕಿ ಹೊಡೆಯಿತು. ಮತ್ತೆ ನಡೆದು ಬಾಗಿಲಿನ ಚೌಕಟ್ಟಿಗೆ ಮುಖ ತಾಗಿಸಿತು. ಕಿಟಕಿಯ ಬಿಸಿಲಿನಲ್ಲಿಯೂ ಅದರ ಕಣ್ಣಿನ ಪಾಪೆ ನಡುರಾತ್ರಿಯಲ್ಲಿ ಇರುವಂತೆ ಪೂರ್ತಿ ಅರಳಿ ಕಪ್ಪಾಗಿತ್ತು. ರಾತ್ರಿಯವರೆಗೆ ಚೆನ್ನಾಗಿ ಕಾಣುತ್ತಿದ್ದ ಕಣ್ಣು ಹೀಗೆ ಹೋಯಿತು. ಪರೀಕ್ಷಿಸಿದಾಗ ರಕ್ತದೊತ್ತಡ 210 ಇತ್ತು, ಅಕ್ಷಿಪಟಲ ಕಳಚಿಕೊಂಡಿತ್ತು, ಮೂಲದಲ್ಲಿ ಮೂತ್ರಪಿಂಡದ ಕಾಯಿಲೆಯಿತ್ತು. ಆಮ್ಲೊಡಿಪಿನ್ ಮಾತ್ರೆಯಿಂದ ಒತ್ತಡ ಹತೋಟಿಗೆ ಬಂದಿತು, ಒಂದು ಕಣ್ಣಿಗೆ ಸ್ವಲ್ಪ ದೃಷ್ಟಿ ಮರಳಿತು. ಅದಕ್ಕೆ ಮೊದಲು ನಮಗೆ ಕಂಡಿದ್ದ ಲಕ್ಷಣವೆಂದರೆ ರಾತ್ರಿ ಹೊತ್ತು ಕಾರಣವಿಲ್ಲದೆ ಗಟ್ಟಿಯಾಗಿ ಕೂಗುವುದು ಒಂದೇ. ನೆರೆಯವರು ದೂರಿದರೆಂದು ಅದನ್ನು ಬೇರೆ ಕೋಣೆಯಲ್ಲಿ ಮಲಗಿಸುತ್ತಿದ್ದೆವು. ಹತ್ತು ದಾಟಿದ ಬೆಕ್ಕಿಗೆ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ನೋಡಿಸಿ.

ಅಡಕೆತೋಟ (ತೀರ್ಥಹಳ್ಳಿ)

ವಿಷಯ ಸ್ವಲ್ಪ ಬೇರೆ, ಆದರೂ ಕೇಳುತ್ತೇನೆ. ನಮ್ಮ ಮೂರು ವರ್ಷದ ಗಂಡು ಬೆಕ್ಕು ನಿನ್ನೆ ರಾತ್ರಿಯಿಂದ ಮತ್ತೆ ಮತ್ತೆ ಮಣ್ಣು ಕೆದರಿ ಕುಳಿತುಕೊಳ್ಳುತ್ತಿದೆ, ಮುಕ್ಕರಿಯುತ್ತಿದೆ, ನರಳುತ್ತಿದೆ. ಹೆಚ್ಚು ಮೂತ್ರ ಮಾಡುವುದೆಂದರೆ ಇದೇ ಇರಬಹುದೇ? ಮಲಬದ್ಧತೆಯೆಂದು ಹರಳೆಣ್ಣೆ ಕೊಡಬೇಕೆಂದಿದ್ದೇವೆ.

ಪಶುವೈದ್ಯ (ಶಿವಮೊಗ್ಗ)

ಅಡಕೆತೋಟದವರೇ, ಇದನ್ನು ಓದಿದ ಕೂಡಲೇ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೊರಡಿ. ಹರಳೆಣ್ಣೆ ಬೇಡ, ಹೊಟ್ಟೆ ಒತ್ತಿ ನೋಡುವುದೂ ಬೇಡ. ಗಂಡು ಬೆಕ್ಕು ಮುಕ್ಕರಿದರೂ ಮೂತ್ರ ಬರುತ್ತಿಲ್ಲವೆಂದರೆ ಮೂತ್ರನಾಳ ಕಟ್ಟಿಕೊಂಡಿರುವ ಸಾಧ್ಯತೆ ಇದೆ. ಮೂತ್ರ ಹೊರಬರದೆ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯ ನಿಲ್ಲಬಹುದು. ಒಂದೆರಡು ದಿನದಲ್ಲಿ ಪ್ರಾಣ ಹೋಗುವ ಸ್ಥಿತಿ ಇದು, ಬೆಳಗಿನವರೆಗೆ ಕಾಯಬೇಡಿ.

ಸಾಗರದಾಚೆ (ನ್ಯೂಜೆರ್ಸಿ)

ಇಲ್ಲಿಯವರೆಗೆ ನಿಧಾನವಾಗಿ ಬರುವ ಕಾಯಿಲೆಯ ಚರ್ಚೆಯಾಯಿತು. ಎರಡು ಮೂರು ದಿನದಲ್ಲಿ ಮೂತ್ರಪಿಂಡವನ್ನು ಕೆಡಿಸುವ ಕಾರಣಗಳೂ ಇವೆ. ಈಸ್ಟರ್ ಸಮಯದಲ್ಲಿ ಇಲ್ಲಿ ಮನೆಮನೆಗೆ ಲಿಲ್ಲಿ ಹೂವಿನ ಕುಂಡ ತರುತ್ತಾರೆ. ನಮ್ಮ ಪಕ್ಕದ ಕನ್ನಡ ಕುಟುಂಬದವರ ಬೆಕ್ಕು ಆ ಹೂವಿನ ಪರಾಗ ಮೈಗೆ ಹತ್ತಿದ್ದನ್ನು ನೆಕ್ಕಿಕೊಂಡಿತ್ತು. ಸಂಜೆ ಎರಡು ಸಲ ವಾಂತಿಯಾಯಿತು, ಮರುದಿನ ಚೇತರಿಸಿಕೊಂಡಂತೆ ಕಂಡಿತು, ಮೂರನೆಯ ದಿನ ಮೂತ್ರವೇ ನಿಂತಿತು. ಲಿಲ್ಲಿಯ ಎಲೆ, ದಳ, ಪರಾಗ, ಹೂದಾನಿಯ ನೀರು ಎಲ್ಲವೂ ಬೆಕ್ಕಿನ ಮೂತ್ರಪಿಂಡಕ್ಕೆ ವಿಷ. ಮೊದಲ 18 ಗಂಟೆಯೊಳಗೆ ಚಿಕಿತ್ಸೆ ಸಿಕ್ಕರೆ ಉಳಿಯುವ ಸಾಧ್ಯತೆ ಹೆಚ್ಚೆಂದು ಇಲ್ಲಿನ ವೈದ್ಯರು ಹೇಳುತ್ತಾರೆ. ನಮ್ಮೂರಿನ ಹೂವಿನಂಗಡಿಗಳ ಬೊಕೆಗಳಲ್ಲಿಯೂ ಈಗ ಲಿಲ್ಲಿ ಇರುವುದನ್ನು ಬಂದಾಗ ನೋಡಿದ್ದೇನೆ.

ಇಲ್ಲಿ ಬೆಕ್ಕು ಸಾಕಿದವರು 2007ರ ಮಾರ್ಚ್ ತಿಂಗಳನ್ನು ಮರೆಯುವುದಿಲ್ಲ. ಪ್ರಾಣಿಗಳ ಆಹಾರಕ್ಕೆ ಬಳಸಿದ ಗೋಧಿಯ ಅಂಟಿನಲ್ಲಿ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆತಿತ್ತು. ಅದು ಸಯನ್ಯೂರಿಕ್ ಆಮ್ಲದೊಂದಿಗೆ ಸೇರಿ ಮೂತ್ರಪಿಂಡದ ನಾಳಗಳಲ್ಲಿ ಹರಳುಕಟ್ಟಿ ಅಮೆರಿಕ ಮತ್ತು ಕೆನಡಾದಲ್ಲಿ ಬಹಳಷ್ಟು ಬೆಕ್ಕು ನಾಯಿಗಳು ಸತ್ತವು, ಆಹಾರದ ಡಬ್ಬಿಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿಕೊಂಡರು. ಎಳೆಯ ಬೆಕ್ಕು ಇದ್ದಕ್ಕಿದ್ದಂತೆ ಬಾಯಾರಿ, ವಾಂತಿ ಮಾಡಿ, ಊಟ ಬಿಟ್ಟರೆ ವಯಸ್ಸು ಚಿಕ್ಕದೆಂದು ಮೂತ್ರಪಿಂಡವನ್ನು ಲೆಕ್ಕದಿಂದ ಬಿಡಬಾರದೆಂದು ಆಗ ಇಲ್ಲಿ ಎಲ್ಲರಿಗೂ ತಿಳಿಯಿತು.

ಮನೆಮದ್ದು (ಹಾಸನ)

ಮನುಷ್ಯರಿಗೆ ಮೂತ್ರಪಿಂಡದ ತೊಂದರೆಗೆ ಬಾಳೆದಿಂಡಿನ ರಸ, ಬಾರ್ಲಿ ನೀರು ಕೊಡುತ್ತೇವಲ್ಲ, ಪರೀಕ್ಷೆಯ ಫಲಿತಾಂಶ ಬರುವವರೆಗೆ ಬೆಕ್ಕಿಗೂ ಒಂದೊಂದು ಚಮಚ ಹಾಕಬಹುದೇ? ನೋವಿದ್ದರೆ ಮನೆಯಲ್ಲಿರುವ ಮಾತ್ರೆ ಕಾಲುಭಾಗ ಸಾಕೇ?

ಪಶುವೈದ್ಯ (ಶಿವಮೊಗ್ಗ)

ಮಾತ್ರೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅದು ತುರ್ತಿನದು. ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ. ಅದನ್ನು ಕರಗಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಸಾಕಷ್ಟಿಲ್ಲ, ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ಕಾಲು ಮಾತ್ರೆಯೂ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ತಗ್ಗಿಸುತ್ತವೆ, ಮೊದಲೇ ಸೋತಿರುವ ಮೂತ್ರಪಿಂಡ ಅದನ್ನು ತಾಳುವುದಿಲ್ಲ.

ಬಾಳೆದಿಂಡಿನ ರಸವನ್ನು ನಮ್ಮ ಹಿರಿಯರು ಕೊಡುತ್ತಿದ್ದದ್ದು ಮೂತ್ರದ ಕಲ್ಲಿಗೆ. ಚುಕ್ಕಿಯಲ್ಲಿ ನಾವು ಸಂಶಯಿಸುತ್ತಿರುವುದು ಕಲ್ಲನ್ನಲ್ಲ, ಸೋಸುವ ಘಟಕಗಳೇ ನಾಶವಾಗುವ ಕಾಯಿಲೆಯನ್ನು. ಇಷ್ಟವಿಲ್ಲದ ರಸವನ್ನು ಬಾಯಿ ತೆರೆಸಿ ಹೊಯ್ದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು, ನನ್ನ ಮೇಜಿನ ಮೇಲೆ ಹಾಗೆ ಬಂದ ಬೆಕ್ಕುಗಳಿವೆ. ಅದಕ್ಕಿಂತಲೂ ನನ್ನನ್ನು ಕಾಡುವುದು ಮನೆಮದ್ದಿನಲ್ಲಿ ಕಳೆದುಹೋಗುವ ಎರಡು ಮೂರು ವಾರಗಳು.

ನಮ್ಮ ಮಲೆನಾಡಿನ ಮಟ್ಟಿಗೆ ಇನ್ನೊಂದು ಮಾತು. ಎರಡು ದಿನ ಕಾಣೆಯಾಗಿ ಕಾಲು ಊದಿಸಿಕೊಂಡು ಮರಳಿದ ಬೆಕ್ಕು ಮಂಕಾಗಿ ಮೂತ್ರ ಕಡಿಮೆ ಮಾಡಿದರೆ ಹಾವಿನ ಕಡಿತವನ್ನೂ ನೆನಪಿಡಿ. ಕೊಳಕುಮಂಡಲದ ವಿಷ ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಹಿತ್ತಲಮನೆ (ಶಿರಸಿ)

ವರದಿಗಳು ಬಂದಿವೆ. ನೀವೆಲ್ಲ ಹೇಳಿದಂತೆ ಡ್ರಿಪ್ ಹಾಕುವ ಮೊದಲೇ ಮೂತ್ರ ತೆಗೆಯಲು ಕೇಳಿಕೊಂಡೆ. ಹೊಟ್ಟೆಯ ಮೂಲಕ ಸಣ್ಣ ಸೂಜಿಯಿಂದ ನೇರವಾಗಿ ಮೂತ್ರಕೋಶದಿಂದಲೇ ತೆಗೆದರು, ಚುಕ್ಕಿ ಅಲುಗಾಡಲೂ ಇಲ್ಲ. ಕ್ರಿಯಾಟಿನಿನ್ 2.1, ಎಸ್‌ಡಿಎಂಎ 21, ಮೂತ್ರದ ಸಾಂದ್ರತೆ 1.018, ಪ್ರೋಟೀನ್ ಅನುಪಾತ 0.3. ಸಕ್ಕರೆ ಮತ್ತು ಥೈರಾಯ್ಡ್ ಸರಿಯಿವೆ. ರಕ್ತದೊತ್ತಡ ಮೊದಲ ಸಲ 175 ಬಂತು, ಕತ್ತಲೆ ಕೋಣೆಯಲ್ಲಿ ನನ್ನ ಸೀರೆಯ ಸೆರಗಿನಲ್ಲಿ ಹತ್ತು ನಿಮಿಷ ಮಲಗಿಸಿಕೊಂಡ ಮೇಲೆ 150ಕ್ಕೆ ಇಳಿಯಿತು. ಇದು ಎಷ್ಟು ಮುಂದುವರಿದಿದೆ?

ಪಶುವೈದ್ಯ (ಶಿವಮೊಗ್ಗ)

ಹೆದರಿದ ಬೆಕ್ಕಿನ ಒತ್ತಡ ಸುಳ್ಳು ಹೇಳುತ್ತದೆ, ಎರಡನೆಯ ಸಲದ ಅಂಕಿಯನ್ನೇ ಹಿಡಿಯಬೇಕು. ಐರಿಸ್ ಎಂಬ ಅಂತರರಾಷ್ಟ್ರೀಯ ಪಶುವೈದ್ಯರ ಸಂಘ ಈ ಕಾಯಿಲೆಯನ್ನು ನಾಲ್ಕು ಹಂತವಾಗಿ ವಿಂಗಡಿಸಿದೆ. ಕ್ರಿಯಾಟಿನಿನ್ 1.6ಕ್ಕಿಂತ ಕಡಿಮೆಯಿದ್ದೂ ಬೇರೆ ಪುರಾವೆಯಿದ್ದರೆ ಮೊದಲ ಹಂತ, 1.6ರಿಂದ 2.8ರವರೆಗೆ ಎರಡನೆಯದು, 2.9ರಿಂದ 5ರವರೆಗೆ ಮೂರನೆಯದು, 5 ದಾಟಿದರೆ ನಾಲ್ಕನೆಯದು. ಎಸ್‌ಡಿಎಂಎಯಲ್ಲಿ 18ರಿಂದ 25 ಎರಡನೆಯ ಹಂತ. ಚುಕ್ಕಿಯ ಎರಡೂ ಅಂಕಿಗಳು ಎರಡನೆಯ ಹಂತವನ್ನೇ ಹೇಳುತ್ತವೆ. ಪ್ರೋಟೀನ್ ಅನುಪಾತ 0.2ರಿಂದ 0.4ರ ಗಡಿಯಲ್ಲಿದೆ, ಒತ್ತಡವೂ 140ರಿಂದ 159ರ ನಡುವಿನ ಎಚ್ಚರಿಕೆಯ ವಲಯದಲ್ಲಿದೆ, ಎರಡನ್ನೂ ಮತ್ತೆ ನೋಡಬೇಕು. ಒಂದೇ ದಿನದ ರಕ್ತದಿಂದ ಹಂತ ನಿರ್ಧರಿಸುವ ಕ್ರಮವಿಲ್ಲ. ದೇಹದ ನೀರಿನಂಶ ಸರಿಯಾದ ಮೇಲೆ ಕೆಲವು ವಾರಗಳ ಅಂತರದಲ್ಲಿ ಇನ್ನೊಮ್ಮೆ ಮಾಡಿಸಿ. ತೆಳು ಮೂತ್ರದಲ್ಲಿ ಸೋಂಕು ಸುಲಭವಾಗಿ ಬೆಳೆಯುವುದರಿಂದ ಮೂತ್ರದ ಕಲ್ಚರ್ (ಸೋಂಕಿನ ಜೀವಾಣುಗಳಿವೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ಕೂಡ ಒಮ್ಮೆ ಆಗಲಿ.

ಎರಡನೆಯ ಹಂತದಲ್ಲಿ ಸಿಕ್ಕ ಬೆಕ್ಕುಗಳು ರಂಜಕ ಕಡಿಮೆಯಿರುವ ಆಹಾರ ಮತ್ತು ಸರಿಯಾದ ನಿಗಾದಿಂದ ವರ್ಷಗಟ್ಟಲೆ ಬದುಕಿದ್ದನ್ನು ನಾನೇ ನೋಡಿದ್ದೇನೆ. ಹಳೆಯ ಆಹಾರವನ್ನು ಒಂದೇ ದಿನ ನಿಲ್ಲಿಸಬೇಡಿ, ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ಹೊಸದನ್ನು ತಿನ್ನದೆ ಉಪವಾಸವಿರುವುದಕ್ಕಿಂತ ಹಳೆಯದನ್ನು ತಿನ್ನುವುದು ಮೇಲು. ಕತ್ತು ಎತ್ತಲಾಗದೆ ಗದ್ದ ಎದೆಗೆ ತಾಗುವಂತೆ ಬಗ್ಗಿಸಿಕೊಂಡರೆ ಪೊಟ್ಯಾಸಿಯಂ ತೀರಾ ಇಳಿದಿರಬಹುದು, ಅಂಥದ್ದು ಕಂಡ ದಿನವೇ ಫೋನ್ ಮಾಡಿ ಹೊರಡಿ.

ಅಡಕೆತೋಟ (ತೀರ್ಥಹಳ್ಳಿ)

ಡಾಕ್ಟರೇ, ಅಂದು ರಾತ್ರಿಯೇ ಹೊರಟೆವು. ಮೂತ್ರನಾಳ ಕಟ್ಟಿತ್ತು, ನಳಿಕೆ ಹಾಕಿ ಬಿಡಿಸಿದರು. ಮೂರು ದಿನ ಅಲ್ಲಿಯೇ ಇಟ್ಟುಕೊಂಡಿದ್ದರು. ನಿನ್ನೆ ಮನೆಗೆ ಬಂದಿದೆ, ಮೂತ್ರ ಸರಾಗವಾಗಿ ಆಗುತ್ತಿದೆ. ನಿಮಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಹಿತ್ತಲಮನೆ (ಶಿರಸಿ)

ಐದು ವಾರದ ನಂತರ ಬರೆಯುತ್ತಿದ್ದೇನೆ. ಎರಡನೆಯ ಸಲ ಕ್ರಿಯಾಟಿನಿನ್ 2.0, ಒತ್ತಡ 145, ಕಲ್ಚರಿನಲ್ಲಿ ಸೋಂಕಿಲ್ಲ. ಬಚ್ಚಲು, ಜಗಲಿ, ಅಡುಗೆಮನೆ ಮೂರೂ ಕಡೆ ಅಗಲ ಬಾಯಿಯ ಪಾತ್ರೆಗಳಲ್ಲಿ ನೀರು ಇಟ್ಟಿದ್ದೇವೆ. ಮನೆಯಲ್ಲಿ ಮೂತ್ರ ಹಿಡಿಯುವುದು ಹೇಗೆಂದು ಒಬ್ಬರು ಖಾಸಗಿಯಾಗಿ ಕೇಳಿದ್ದರು. ನೀರು ಹೀರದ ಸಣ್ಣ ಬೆಣಚುಕಲ್ಲುಗಳನ್ನು ಚೆನ್ನಾಗಿ ತೊಳೆದು ಒಣಗಿಸಿ ತಟ್ಟೆಯಲ್ಲಿ ಹರಡಿ, ಬೆಕ್ಕನ್ನು ರಾತ್ರಿ ಆ ಕೋಣೆಯಲ್ಲಿ ಇಟ್ಟರೆ ಬೆಳಗ್ಗೆ ತಟ್ಟೆಯನ್ನು ವಾಲಿಸಿ ಸಿರಿಂಜಿನಿಂದ ಎಳೆದುಕೊಳ್ಳಬಹುದು. ಸಾಂದ್ರತೆ ನೋಡಲು ಅದು ಸಾಕು, ಕಲ್ಚರಿಗೆ ಆಗುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಅತ್ತೆಯವರು ಈಗ ಪ್ರತಿ ಭಾನುವಾರ ತಾವೇ ಬುಟ್ಟಿ ಇಟ್ಟು ತೂಗಿ, ಗೋಡೆಯ ಪಂಚಾಂಗದ ಆ ದಿನದ ಚೌಕದಲ್ಲಿ ಅಂಕಿ ಬರೆಯುತ್ತಾರೆ. ಈ ವಾರ 3 ಕಿಲೋ 380 ಗ್ರಾಂ ಎಂದಿದೆ.